ನೆಚ್ಚಿನ ಬ್ಯಾಂಡ್‌ನ ಕಾನ್ಸರ್ಟ್ ಸಿನಿಮಾಗೆ ಒಬ್ಬರೇ ಹೋಗೋದು ಹೇಗೆ? ಮುಂಬೈನಲ್ಲಿರುವವರಿಗೆ

"ನನ್ನ ಬ್ಯಾಂಡ್‌ನ ಕಾನ್ಸರ್ಟ್ ಸಿನಿಮಾ ಬರ್ತಿದೆ. ಜೊತೆಗೆ ಬರೋರು ಯಾರೂ ಇಲ್ಲ. ಒಬ್ಬಳೇ ಹೋಗಬಹುದಾ?" ಡೊಂಬಿವಲಿ, ಮೀರಾ ರೋಡ್, ನೆರುಳ್, ಎಲ್ಲಾ ಕಡೆಯಿಂದ ಇದೇ ಪ್ರಶ್ನೆ. ಕೇಳುವವರಲ್ಲಿ ಕಾಲೇಜು ಹುಡುಗಿಯರು ಜಾಸ್ತಿ. ಮಧ್ಯೆ ಮಧ್ಯೆ ಐವತ್ತು ದಾಟಿದ ಹಳೆ ರಾಕ್ ಅಭಿಮಾನಿಗಳೂ ಇದ್ದಾರೆ. ಅವರ ಮನೆಯಲ್ಲಿ ಆ ಗದ್ದಲ ಯಾರಿಗೂ ಬೇಡ.

ಧಾರಾಳವಾಗಿ ಹೋಗಬಹುದು. ನನ್ನನ್ನು ಕೇಳಿದರೆ ಈ ಥರದ ಸಿನಿಮಾಗೆ ಒಬ್ಬರೇ ಹೋಗೋದೇ ವಾಸಿ. ಹಾಡು ಗೊತ್ತಿಲ್ಲದ ಸ್ನೇಹಿತರನ್ನು ಎಳೆದುಕೊಂಡು ಹೋದರೆ, "ಇನ್ನೂ ಎಷ್ಟು ಹೊತ್ತು?" ಅಂತ ಅವರು ಕೇಳುವುದಕ್ಕೆ ಉತ್ತರ ಕೊಡುವುದರಲ್ಲೇ ಅರ್ಧ ಶೋ ಮುಗಿಯುತ್ತದೆ. ಒಬ್ಬರೇ ಆದರೆ ಹಾಲ್ ನಿಮ್ಮಿಷ್ಟ, ಸೀಟು ನಿಮ್ಮಿಷ್ಟ. ಆ ಅನುಕೂಲವನ್ನು ಪೂರ್ತಿ ಬಳಸಿಕೊಳ್ಳೋದು ಹೇಗೆ ಅಂತ ಒಂದೊಂದಾಗಿ ನೋಡೋಣ.

1. ಬರ್ತಿರೋದು ಏನು ಅಂತ ಮೊದಲು ತಿಳಿದುಕೊಳ್ಳಿ

ಪೋಸ್ಟರ್ ಮೇಲೆ ಬ್ಯಾಂಡ್‌ನ ಹೆಸರು ಕಂಡ ತಕ್ಷಣ ಬುಕ್ ಮಾಡಬೇಡಿ. ಇದರಲ್ಲಿ ಮೂರು ಜಾತಿ ಇದೆ.

ಕಾನ್ಸರ್ಟ್ ಫಿಲ್ಮ್ ಅಂದರೆ ಮುಂಚೆಯೇ ನಡೆದ ಕಾರ್ಯಕ್ರಮವನ್ನು ಹಲವು ಕ್ಯಾಮೆರಾಗಳಲ್ಲಿ ಹಿಡಿದು, ಎಡಿಟ್ ಮಾಡಿ, ಸಿನಿಮಾ ಹಾಲ್‌ಗೆ ಅಂತ ಧ್ವನಿಯನ್ನು ಹೊಸದಾಗಿ ಮಿಕ್ಸ್ ಮಾಡಿದ್ದು. ಶುರುವಿನಿಂದ ಕೊನೆ ತನಕ ಹಾಡು. ಹಳೆಯ ಕಾರ್ಯಕ್ರಮಗಳೂ ಹೀಗೆ ಮರಳಿ ಬರುತ್ತವೆ. ಕ್ವೀನ್ ಬ್ಯಾಂಡ್ 1981ರಲ್ಲಿ ಮಾಂಟ್ರಿಯಲ್‌ನಲ್ಲಿ ಹಾಡಿದ್ದು 2024ರ ಜನವರಿಯಲ್ಲಿ ಐಮ್ಯಾಕ್ಸ್ ತೆರೆಗೆ ಬಂತು, ಅದೂ ಕೆಲವೇ ದಿನಗಳ ಮಟ್ಟಿಗೆ.

ಟೂರ್ ಡಾಕ್ಯುಮೆಂಟರಿ ಬೇರೆ. ಅದರಲ್ಲಿ ವಿಮಾನ, ಹೋಟೆಲ್ ರೂಮು, ಮಾತುಕತೆ ಎಲ್ಲಾ ಇರುತ್ತದೆ, ಹಾಡು ತುಂಡು ತುಂಡು. ಐರನ್ ಮೇಡನ್‌ನ 2009ರ "ಫ್ಲೈಟ್ 666" ಅಂಥದ್ದು. ಅದರಲ್ಲಿ ನಮ್ಮ ಮುಂಬೈ ಕೂಡ ಇದೆ. ಆ ಪ್ರವಾಸ ಶುರುವಾಗಿದ್ದೇ 2008ರ ಫೆಬ್ರವರಿ 1ರಂದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಮೈದಾನದಿಂದ. ಒಳ್ಳೆಯ ಜಾತಿಯೇ. ಆದರೆ ಎರಡು ಗಂಟೆ ಕುಣಿಯುವ ಆಸೆ ಇಟ್ಟುಕೊಂಡು ಹೋದವರಿಗೆ ಬೇಜಾರಾಗುತ್ತದೆ.

ಮೂರನೆಯದು ಲೈವ್ ವ್ಯೂಯಿಂಗ್. ಎಲ್ಲೋ ನಡೆಯುತ್ತಿರುವ ಕಾರ್ಯಕ್ರಮವನ್ನು ಅದೇ ಹೊತ್ತಿಗೆ ಹಾಲ್‌ಗೆ ಪ್ರಸಾರ ಮಾಡುತ್ತಾರೆ. ಇಲ್ಲಿ ಗಡಿಯಾರ ನೋಡಿಕೊಳ್ಳಿ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ. ಸೋಲ್‌ನಲ್ಲಿ ಸಂಜೆ 6 ಅಂದರೆ ನಮಗೆ ಮಧ್ಯಾಹ್ನ 2:30. ಒಂದು ನಿಮಿಷ ತಡವಾದರೂ ಮೊದಲ ಹಾಡು ಹೋಯಿತು ಅಂತಲೇ ಲೆಕ್ಕ. ಯುರೋಪ್, ಅಮೆರಿಕದ ಕಾರ್ಯಕ್ರಮಗಳು ನಮಗೆ ನಡುರಾತ್ರಿಗೋ ಬೆಳಗಿನ ಜಾವಕ್ಕೋ ಬೀಳುವುದರಿಂದ ಸಾಮಾನ್ಯವಾಗಿ ಅವನ್ನು ಆಮೇಲೆ ತೋರಿಸುತ್ತಾರೆ.

ಜೊತೆಗೆ ಅವಧಿ ನೋಡಿ. ಟಾಕಿಂಗ್ ಹೆಡ್ಸ್‌ನ 1984ರ "ಸ್ಟಾಪ್ ಮೇಕಿಂಗ್ ಸೆನ್ಸ್" 88 ನಿಮಿಷ. ಟೇಲರ್ ಸ್ವಿಫ್ಟ್‌ನ 2023ರ ಎರಾಸ್ ಟೂರ್ ಸಿನಿಮಾ ಎರಡೂಮುಕ್ಕಾಲು ಗಂಟೆ ದಾಟುತ್ತದೆ. ರಾತ್ರಿ 9ರ ಶೋ ಅಂದರೆ ಒಂದಕ್ಕೆ ಹತ್ತೂಮುಕ್ಕಾಲಿಗೆ ಬಿಡುಗಡೆ, ಇನ್ನೊಂದಕ್ಕೆ ಮನೆ ಸೇರುವಾಗ ಬೀದಿನಾಯಿಗಳೇ ಸ್ವಾಗತ.

2. ಬುಕಿಂಗ್: ನಿಧಾನಿಸಬೇಡಿ

ಇಂಥ ಶೋಗಳನ್ನು ಥಿಯೇಟರ್‌ನವರು "ಈವೆಂಟ್ ಸಿನಿಮಾ" ಅನ್ನುತ್ತಾರೆ. ಶುಕ್ರವಾರ ಬಿಡುಗಡೆಯಾಗಿ ಚೆನ್ನಾಗಿ ಓಡಿದರೆ ಮೂರು ವಾರ ಇರುವ ಮಾಮೂಲಿ ಸಿನಿಮಾ ಥರ ಅಲ್ಲ. ಒಂದು ದಿನ, ಹೆಚ್ಚೆಂದರೆ ಒಂದು ವಾರಾಂತ್ಯ. "ಮುಂದಿನ ವಾರ ನೋಡೋಣ" ಅಂದವರಿಗೆ ಮುಂದಿನ ವಾರ ಇರೋದೇ ಇಲ್ಲ.

ಬುಕ್‌ಮೈಶೋ, ಡಿಸ್ಟ್ರಿಕ್ಟ್ ಮತ್ತು ಥಿಯೇಟರ್‌ನ ಸ್ವಂತ ಆ್ಯಪ್, ಈ ಮೂರನ್ನೂ ನೋಡಿ. ಬ್ಯಾಂಡ್‌ನ ಅಧಿಕೃತ ಪುಟದಲ್ಲಿ ದೇಶದ ಪಟ್ಟಿ ಬರುತ್ತದೆ. ಅಲ್ಲಿ ಇಂಡಿಯಾ ಇದ್ದರೆ ಮುಂಬೈ ಇರುವ ಸಾಧ್ಯತೆ ಜಾಸ್ತಿ. ಹುಡುಕುವಾಗ ನವಿ ಮುಂಬೈ ಮತ್ತು ಠಾಣೆಯನ್ನೂ ಬಿಡಬೇಡಿ. ದಾದರ್ ಈಚೆಯ ಹಾಲ್‌ಗಳು ತುಂಬಿದಾಗ ಅಲ್ಲಿ ಸೀಟು ಉಳಿದಿರುತ್ತದೆ.

ಹಣದ ವಿಷಯ. 100 ರೂಪಾಯಿ ಮೀರಿದ ಟಿಕೆಟ್‌ಗೆ 18 ಶೇಕಡಾ ಜಿಎಸ್‌ಟಿ ಇದೆ. ಅದರ ಮೇಲೆ ಆ್ಯಪ್‌ನ ಕನ್ವೀನಿಯೆನ್ಸ್ ಫೀ, ಅಂದರೆ ಆನ್‌ಲೈನ್ ಬುಕಿಂಗ್‌ಗೆ ಅವರು ಹಾಕುವ ಸೇವಾ ಶುಲ್ಕ. ಅದಕ್ಕೂ ಜಿಎಸ್‌ಟಿ. ಥಿಯೇಟರ್ ಮನೆ ಹತ್ತಿರವಿದ್ದರೆ ಕೌಂಟರ್‌ಗೇ ಹೋಗಿ ತೆಗೆದುಕೊಳ್ಳಿ, ಆ ಶುಲ್ಕ ಉಳಿಯುತ್ತದೆ. ವಿಶೇಷ ಶೋಗಳಿಗೆ ಕೂಪನ್, ಮಂಗಳವಾರದ ಆಫರ್, ಕ್ಯಾನ್ಸಲ್ ಸೌಲಭ್ಯ ನಡೆಯದಿರಬಹುದು. ದುಡ್ಡು ಕಟ್ಟುವ ಮೊದಲು ಆ ಸಣ್ಣ ಅಕ್ಷರ ಓದಿ.

ಎಚ್ಚರಿಕೆ ಎರಡು. ಅಭಿಮಾನಿಗಳ ಗ್ರೂಪ್‌ನಲ್ಲಿ ಗುರುತಿಲ್ಲದವರು "ನನ್ನ ಹತ್ತಿರ ಒಂದು ಟಿಕೆಟ್ ಜಾಸ್ತಿ ಇದೆ" ಅಂದರೆ ಸ್ಕ್ರೀನ್‌ಶಾಟ್ ನಂಬಿ ದುಡ್ಡು ಹಾಕಬೇಡಿ. ಒಂದೇ ಕ್ಯೂಆರ್ ಕೋಡನ್ನು ನಾಲ್ಕು ಜನಕ್ಕೆ ಮಾರುವವರಿದ್ದಾರೆ. ಬಾಗಿಲಲ್ಲಿ ಮೊದಲು ಸ್ಕ್ಯಾನ್ ಆದವರಿಗೆ ಸೀಟು, ಉಳಿದವರಿಗೆ ಜಗಳ. ನಿಮ್ಮ ಟಿಕೆಟ್ ಸಿಕ್ಕ ಖುಷಿಯಲ್ಲಿ ಸ್ಟೋರಿ ಹಾಕುವುದಿದ್ದರೂ ಆ ಕೋಡನ್ನು ಮುಚ್ಚಿ ಹಾಕಿ.

3. ಹಾಲ್ ಆರಿಸೋದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹೆಚ್ಚಿನವರು ಮನೆಗೆ ಹತ್ತಿರ ಯಾವುದು, ಮಲಗುವ ಸೀಟು ಎಲ್ಲಿದೆ ಅಂತ ನೋಡುತ್ತಾರೆ. ಕಾನ್ಸರ್ಟ್ ಸಿನಿಮಾಗೆ ಹಾಲ್ ಆರಿಸಬೇಕಾದ್ದು ಕಿವಿಯಿಂದ. ಕಾಲು ಚಾಚುವ ಸೀಟು ಇಲ್ಲಿ ಅಡ್ಡಿಯೇ. ಡ್ರಮ್ ಶುರುವಾದಾಗ ಅರ್ಧ ಮಲಗಿಕೊಂಡು ಏನು ಮಾಡ್ತೀರಿ?

ಆ್ಯಪ್‌ನಲ್ಲಿ ಕಾಣುವ ಹೆಸರುಗಳ ಅರ್ಥ ಹೀಗಿದೆ.

ಡಾಲ್ಬಿ ಅಟ್ಮಾಸ್: 2012ರಲ್ಲಿ ಬಂದ ವ್ಯವಸ್ಥೆ. ಗೋಡೆಗಳ ಜೊತೆಗೆ ಚಾವಣಿಯಲ್ಲೂ ಸ್ಪೀಕರ್ ಇರುತ್ತದೆ. ಒಂದೊಂದು ಶಬ್ದಕ್ಕೂ ಬೇರೆ ಬೇರೆ ಜಾಗ ಕೊಡಬಹುದು. ಹಾಡುವವರು ಮುಂದೆ, ಜನರ ಕೂಗು ಸುತ್ತಲೂ. ಆದರೆ ಸಿನಿಮಾವನ್ನೂ ಅಟ್ಮಾಸ್‌ನಲ್ಲಿ ಮಿಕ್ಸ್ ಮಾಡಿದ್ದರೆ ಮಾತ್ರ ಅದರ ಪೂರ್ತಿ ಲಾಭ. ಹಾಲ್‌ನ ಬಾಗಿಲ ಮೇಲೆ ಅಟ್ಮಾಸ್ ಬೋರ್ಡ್ ಇದ್ದು, ಹಳೆಯ 5.1 ಧ್ವನಿಯ ಸಿನಿಮಾ ಹಾಕಿದರೆ ಚಾವಣಿಯ ಸ್ಪೀಕರ್‌ಗೆ ರಜೆ.

ಐಮ್ಯಾಕ್ಸ್: ದೊಡ್ಡ ತೆರೆ, ಅದರದೇ ಧ್ವನಿ ವ್ಯವಸ್ಥೆ. ನಿಮ್ಮ ಬ್ಯಾಂಡ್‌ನ ಸಿನಿಮಾ ಐಮ್ಯಾಕ್ಸ್‌ಗೆ ಬಂದಿದ್ದರೆ ಎರಡನೇ ಯೋಚನೆ ಬೇಡ, ಅದನ್ನೇ ಹಿಡಿಯಿರಿ.

ಸ್ಕ್ರೀನ್‌ಎಕ್ಸ್: ಎದುರಿನ ತೆರೆ ಸಾಲದು ಅಂತ ಎರಡೂ ಪಕ್ಕದ ಗೋಡೆಗಳ ಮೇಲೂ ಚಿತ್ರ ಬೀಳುತ್ತದೆ, ಒಟ್ಟು 270 ಡಿಗ್ರಿ. ಕೊರಿಯಾದ ಕಂಪನಿಯ ತಂತ್ರಜ್ಞಾನ. ಹಾಗಾಗಿ ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಗುಂಪುಗಳ ಸಿನಿಮಾಗಳು ಇದರಲ್ಲಿ ಬರುವುದು ಜಾಸ್ತಿ. ಸ್ಟೇಡಿಯಂ ತುಂಬಾ ಬೆಳಕು ಅಲುಗುವ ದೃಶ್ಯದಲ್ಲಿ ಇದಕ್ಕೆ ಸಾಟಿ ಇಲ್ಲ. ಮುಂದಿನ ಸಾಲಿನಲ್ಲಿ ಕೂತರೆ ಮಾತ್ರ ಕತ್ತು ನೋವು ಗ್ಯಾರಂಟಿ.

4ಡಿಎಕ್ಸ್: ಸೀಟು ಅಲ್ಲಾಡುತ್ತದೆ, ಗಾಳಿ ಬೀಸುತ್ತದೆ, ಮುಖಕ್ಕೆ ನೀರು ಚಿಮುಕಿಸುತ್ತದೆ. ಕಾರು ಓಡುವ ಸಿನಿಮಾಗೆ ಸರಿ. ಹಾಡು ಕೇಳುವಾಗ ಬೆನ್ನಿಗೆ ಗುದ್ದು ಯಾಕೆ ಬೇಕು? ಬಿಟ್ಟುಬಿಡಿ.

ಈಗ ಜಾಗಗಳು. ಒಬ್ಬರೇ ಹೋಗುವವರಿಗೆ ನಾನು ಮೊದಲು ಹೇಳೋದು ಚರ್ಚ್‌ಗೇಟ್‌ನ ಎರೋಸ್. 1938ರ ಕಟ್ಟಡ. 2024ರಲ್ಲಿ ಐಮ್ಯಾಕ್ಸ್ ಆಗಿ ಮತ್ತೆ ಬಾಗಿಲು ತೆರೆಯಿತು. ಸ್ಟೇಷನ್‌ನಿಂದ ಹೊರಗೆ ಬಂದು ರಸ್ತೆ ದಾಟಿದರೆ ಆಯಿತು. ವಾಪಸ್ ಬರುವಾಗ ಟ್ರೇನ್ ಅಲ್ಲಿಂದಲೇ ಹೊರಡುವುದರಿಂದ ಕೂರಲು ಜಾಗವೂ ಸಿಗುತ್ತದೆ. ನವಿ ಮುಂಬೈಯವರಿಗೆ ಸೀವುಡ್ಸ್ ಸುಲಭ. ಅಲ್ಲಿ ಮಾಲ್ ನಿಂತಿರುವುದೇ ಸ್ಟೇಷನ್ ಮೇಲೆ, ಹೊರಗೆ ಕಾಲಿಡುವ ಅಗತ್ಯವೇ ಇಲ್ಲ. ಮಲಾಡ್ ಇನಾರ್ಬಿಟ್‌ನ ಮೆಗಾಪ್ಲೆಕ್ಸ್‌ನಲ್ಲಿ ಐಮ್ಯಾಕ್ಸ್, ಸ್ಕ್ರೀನ್‌ಎಕ್ಸ್ ಎರಡೂ ಇವೆ, ಆದರೆ ಸ್ಟೇಷನ್‌ನಿಂದ ರಿಕ್ಷಾ ಬೇಕು. ಲೋವರ್ ಪರೇಲ್‌ನ ಫೀನಿಕ್ಸ್‌ನಲ್ಲೂ ಐಮ್ಯಾಕ್ಸ್ ಇದೆ, ಕೆ-ಪಾಪ್ ಜನ ಸೇರುವುದೂ ಅಲ್ಲಿ ಜಾಸ್ತಿ. ಒಂದು ಗಮನಿಸಿ: ಲೋವರ್ ಪರೇಲ್‌ನಲ್ಲಿ ಸ್ಲೋ ಲೋಕಲ್ ಮಾತ್ರ ನಿಲ್ಲುತ್ತದೆ. ಹೊಸದಾಗಿ ಮುಂಬೈಗೆ ಬಂದವರು ಬೋರಿವಲಿಯಿಂದ ಫಾಸ್ಟ್ ಹತ್ತಿ, ಸ್ಟೇಷನ್ ಕಣ್ಣೆದುರೇ ಹಾದುಹೋಗುವುದನ್ನು ನೋಡುತ್ತಾ ಮುಂಬೈ ಸೆಂಟ್ರಲ್ ತಲುಪುತ್ತಾರೆ. ಫಾಸ್ಟ್‌ನಲ್ಲಿ ಬಂದರೆ ದಾದರ್‌ನಲ್ಲಿ ಇಳಿದು ಸ್ಲೋ ಹಿಡಿಯಿರಿ. ಪಕ್ಕದ ಸೆಂಟ್ರಲ್ ಲೈನ್‌ನ ಕರೀ ರೋಡ್‌ಗೂ ಇದೇ ಕಥೆ.

4. ಸೀಟು

ಒಂಟಿ ಪ್ರೇಕ್ಷಕರಿಗೆ ದೊಡ್ಡ ಲಾಭ ಇರುವುದು ಇಲ್ಲಿ. ಜೋಡಿಗಳು, ಗುಂಪುಗಳು ಬುಕ್ ಮಾಡಿದ ಮೇಲೆ ಮಧ್ಯದಲ್ಲಿ ಒಂದೊಂದು ಸೀಟು ಹಲ್ಲು ಬಿದ್ದ ಹಾಗೆ ಖಾಲಿ ಉಳಿಯುತ್ತದೆ. ಅದು ನಿಮಗಾಗಿಯೇ ಇರೋದು. "ಹೌಸ್‌ಫುಲ್ ಆಗ್ತಾ ಇದೆ" ಅಂತ ಕೆಂಪು ಬಣ್ಣ ತೋರಿಸುವಾಗಲೂ ಸೀಟಿನ ನಕ್ಷೆ ತೆರೆದು ನೋಡಿ.

ಧ್ವನಿ ಚೆನ್ನಾಗಿ ಕೇಳಿಸುವ ಜಾಗ ಅಂದರೆ ತೆರೆಯಿಂದ ಹಿಂದಕ್ಕೆ ಹಾಲ್‌ನ ಮೂರನೇ ಎರಡು ಭಾಗದಷ್ಟು ದೂರ, ಎಡ ಬಲ ನಡುಮಧ್ಯ. ಮಿಕ್ಸ್ ಮಾಡುವವರು ಕೂರುವುದೂ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ. ಕೊನೆಯ ಸಾಲಿನಲ್ಲಿ ತಲೆಯ ಹಿಂದೆಯೇ ಸ್ಪೀಕರ್ ಇರುವುದರಿಂದ ಜನರ ಚಪ್ಪಾಳೆ ಜೋರು, ಹಾಡು ಹಿಂದೆ. ನಮ್ಮ ಥಿಯೇಟರ್‌ಗಳಲ್ಲಿ ದುಬಾರಿ ಸೀಟು ಸಾಮಾನ್ಯವಾಗಿ ಹಿಂದಿನ ಸಾಲುಗಳೇ. ಅಂದರೆ ಅದಕ್ಕಿಂತ ಒಂದು ದರ್ಜೆ ಕಡಿಮೆ ಟಿಕೆಟ್‌ನಲ್ಲೇ ಒಳ್ಳೆ ಧ್ವನಿ ಸಿಗುತ್ತದೆ.

ಇದಕ್ಕೆ ಎರಡು ಅಪವಾದ. ಕೆ-ಪಾಪ್ ಶೋಗಳಲ್ಲಿ ಜನ ಎದ್ದು ನಿಲ್ಲುತ್ತಾರೆ. ನಕ್ಷೆಯಲ್ಲಿ ಸಾಲುಗಳ ನಡುವೆ ಅಡ್ಡ ದಾರಿ ಕಂಡರೆ ಅದರ ಹಿಂದಿನ ಮೊದಲ ಸಾಲು ಆರಿಸಿ. ಮುಂದೆ ಯಾರೂ ಅಡ್ಡ ಬರುವುದಿಲ್ಲ, ಕುಣಿಯೋದಕ್ಕೂ ಜಾಗ. ಇನ್ನು ಎರಡೂ ಕಡೆ ಗುರುತಿಲ್ಲದವರ ನಡುವೆ ಕೂರಲು ಮುಜುಗರ ಅನ್ನಿಸುವವರು ಮಧ್ಯದ ಬ್ಲಾಕ್‌ನ ಅಂಚಿನ ಸೀಟು ತೆಗೆದುಕೊಳ್ಳಿ. ಧ್ವನಿಯಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ, ಎದ್ದು ಹೋಗುವ ಸ್ವಾತಂತ್ರ್ಯ ಸಿಗುತ್ತದೆ. ಪಕ್ಕದವರಿಂದ ಕಿರಿಕಿರಿ ಆದರೆ ಸಹಿಸಿಕೊಂಡು ಕೂರಬೇಡಿ. ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತಿರುವ ಸಿಬ್ಬಂದಿಗೆ ಹೇಳಿ, ಬೇರೆ ಸೀಟು ಕೇಳಿ.

5. ಶೋ ಸಮಯವನ್ನು ಟ್ರೇನ್ ನೋಡಿ ಆರಿಸಿ

ಮೊದಲ ಸಲ ಒಬ್ಬರೇ ಹೋಗುವವರಿಗೆ ಮಧ್ಯಾಹ್ನದ ಶೋ. ಇದರಲ್ಲಿ ನನಗೆ ಬೇರೆ ಅಭಿಪ್ರಾಯವೇ ಇಲ್ಲ. 2 ಗಂಟೆಗೆ ಶುರುವಾದರೆ ಐದಕ್ಕೆ ಹೊರಗೆ. ವಾರದ ದಿನವಾದರೆ ಆರರಿಂದ ಎಂಟರ ನಡುವೆ ಲೋವರ್ ಪರೇಲ್, ದಾದರ್‌ನಿಂದ ಉತ್ತರಕ್ಕೆ ಹೋಗುವ ಟ್ರೇನಿನಲ್ಲಿ ಕಾಲಿಡಲು ಆಗುವುದಿಲ್ಲ ಅನ್ನೋದು ಮುಂಬೈಯವರಿಗೆ ಹೇಳಬೇಕಾಗಿಲ್ಲ.

ಭಾನುವಾರ ಆರಾಮ ಅಂದುಕೊಂಡರೆ ಮೆಗಾ ಬ್ಲಾಕ್ ಇದೆ. ಹಳಿ ದುರಸ್ತಿಗೆ ಅಂತ ಸೆಂಟ್ರಲ್ ಮತ್ತು ಹಾರ್ಬರ್ ಲೈನ್‌ಗಳಲ್ಲಿ ಹಗಲು ಹಲವು ಗಂಟೆ ಟ್ರೇನ್ ನಿಲ್ಲಿಸುವುದು, ಇಲ್ಲವೇ ಬೇರೆ ಹಳಿಗೆ ತಿರುಗಿಸುವುದು. ವೆಸ್ಟರ್ನ್‌ನಲ್ಲಿ ಇದಕ್ಕೆ ಜಂಬೋ ಬ್ಲಾಕ್ ಅನ್ನುತ್ತಾರೆ. ಮಧ್ಯಾಹ್ನದ ಶೋಗೆ ಹೋಗುವವರಿಗೆ ಸರಿಯಾಗಿ ಅದೇ ಹೊತ್ತಿಗೆ ಪೆಟ್ಟು. ಶನಿವಾರವೇ ಎಮ್-ಇಂಡಿಕೇಟರ್ ಆ್ಯಪ್ ತೆರೆದು ನೋಡಿ, ಒಂದು ಗಂಟೆ ಹೆಚ್ಚು ಇಟ್ಟುಕೊಂಡು ಹೊರಡಿ.

ರಾತ್ರಿ ಶೋನೇ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಅವಧಿಗೆ ಜಾಹೀರಾತು, ಇಂಟರ್ವಲ್ ಅಂತ ಅರ್ಧ ಗಂಟೆ ಸೇರಿಸಿ. ಹಾಲ್‌ನಿಂದ ಪ್ಲಾಟ್‌ಫಾರ್ಮ್‌ಗೆ ಇನ್ನೊಂದು ಅರ್ಧ ಗಂಟೆ. ಆ ಹೊತ್ತಿಗೆ ಕೊನೆಯ ಟ್ರೇನ್ ಅಲ್ಲದೆ ಅದಕ್ಕೆ ಮುಂಚಿನದೂ ಇರಬೇಕು. ಕೊನೆಯದನ್ನೇ ನಂಬಿಕೊಂಡವರು ಕೊನೆಯ ಹಾಡು ನೋಡದೆ ಓಡುತ್ತಾರೆ. ಮೆಟ್ರೋ ಲೋಕಲ್‌ಗಿಂತ ಬೇಗ ಮುಚ್ಚುತ್ತದೆ ಅನ್ನುವುದೂ ನೆನಪಿರಲಿ.

6. ಮನೆಯಲ್ಲಿ ಹೇಳೋದು

ದೊಡ್ಡವರಿಗೆ "ಕಾನ್ಸರ್ಟ್" ಅಂದರೆ ಸ್ಟೇಡಿಯಂ, ನೂಕುನುಗ್ಗಲು, ನಡುರಾತ್ರಿ. "ಸಿನಿಮಾ" ಅಂದರೆ ಎಸಿ ಹಾಲ್, ನಂಬರ್ ಹಾಕಿದ ಸೀಟು. ಇರೋದೂ ಸಿನಿಮಾನೇ ತಾನೇ?

"ಅಮ್ಮಾ, ಶನಿವಾರ ಮಧ್ಯಾಹ್ನ ಸಿನಿಮಾಗೆ ಹೋಗ್ತೀನಿ."
"ಯಾರ ಜೊತೆ?"
"ಒಬ್ಬಳೇ. ಎರಡು ಗಂಟೆ ಶೋ, ಏಳಕ್ಕೆ ಮನೇಲಿರ್ತೀನಿ. ಟಿಕೆಟ್ ನಿನಗೂ ಕಳಿಸಿದ್ದೀನಿ, ನೋಡು."

ಹಾಲ್‌ನ ಹೆಸರು, ಸ್ಕ್ರೀನ್ ನಂಬರ್, ಬಿಡುವ ಸಮಯ ಕೊಟ್ಟರೆ ಹೆಚ್ಚಿನ ಅಮ್ಮಂದಿರು ಇಲ್ಲಿಗೇ ನಿಲ್ಲುತ್ತಾರೆ. ಸುಮ್ನೆ ಕ್ಲಾಸ್ ಇದೆ ಅಂತ ಸುಳ್ಳು ಹೇಳಬೇಡಿ. ಏನಾದರೂ ಹೆಚ್ಚುಕಮ್ಮಿ ಆದರೆ ನೀವು ಎಲ್ಲಿದ್ದೀರಿ ಅಂತ ಒಬ್ಬರಿಗಾದರೂ ಗೊತ್ತಿರಬೇಕು. ಸಿನಿಮಾಗೆ "ಎ" ಪ್ರಮಾಣಪತ್ರ ಇದ್ದರೆ 18 ತುಂಬಿರಲೇಬೇಕು. ಚಿಕ್ಕವರಂತೆ ಕಾಣುವವರು ಆಧಾರ್ ಜೊತೆಗಿಟ್ಟುಕೊಳ್ಳಿ.

7. ಬ್ಯಾಗಿನಲ್ಲಿ ಏನಿರಬೇಕು

ಸಣ್ಣ ಬ್ಯಾಗ್. ಮಾಲ್ ಬಾಗಿಲಲ್ಲಿ ಒಂದು ತಪಾಸಣೆ, ಥಿಯೇಟರ್ ಬಾಗಿಲಲ್ಲಿ ಇನ್ನೊಂದು. ಕಾಲೇಜಿನಿಂದ ಲ್ಯಾಪ್‌ಟಾಪ್ ಹೊತ್ತು ನೇರ ಬಂದರೆ ಅದನ್ನು ಕೌಂಟರ್‌ನಲ್ಲಿ ಇಡಿ ಅನ್ನಬಹುದು.

ಹೊರಗಿನ ತಿಂಡಿ ಬೇಡ. ಅದನ್ನು ತಡೆಯುವ ಹಕ್ಕು ಥಿಯೇಟರ್‌ಗೆ ಇದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿದೆ. ಆದರೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು ಅಂತಲೂ ಅದೇ ಆದೇಶದಲ್ಲಿದೆ. ಕೇಳಿ ಪಡೆಯಿರಿ, ನಾಚಿಕೆ ಯಾಕೆ. ಮೊದಲೇ ಹೊಟ್ಟೆ ತುಂಬಿಸಿಕೊಂಡು ಬನ್ನಿ. ಲೋವರ್ ಪರೇಲ್‌ಗೆ ಹೋಗುವವರು ಮಾಟುಂಗದಲ್ಲಿ ಇಳಿದು ಯಾವುದಾದರೂ ಉಡುಪಿ ಹೋಟೆಲ್‌ನಲ್ಲಿ ಊಟ ಮುಗಿಸಿ, ಮಾಟುಂಗ ರೋಡ್‌ನಿಂದ ಸ್ಲೋ ಹತ್ತಿದರೆ ಮೂರನೇ ಸ್ಟೇಷನ್. ಪಾಪ್‌ಕಾರ್ನ್ ಟಿಕೆಟ್‌ಗಿಂತ ದುಬಾರಿಯಾಗಿರುವ ಕಾಲದಲ್ಲಿ ಇದು ಜಾಣತನ. ವಾರಾಂತ್ಯದಲ್ಲಿ ಅಲ್ಲೂ ಕ್ಯೂ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಇಯರ್‌ಪ್ಲಗ್ ಇಟ್ಟುಕೊಳ್ಳಿ, ಮೆಡಿಕಲ್ ಶಾಪ್‌ನ ಫೋಮಿನದ್ದೇ ಸಾಕು. ಸಿನಿಮಾ ಧ್ವನಿಯ ಮಾನದಂಡದ ಪ್ರಕಾರ ಮುಂದಿನ ಒಂದೊಂದು ಚಾನೆಲ್‌ಗೂ ತೀರಾ ಜೋರಿನ ಕ್ಷಣದಲ್ಲಿ 105 ಡೆಸಿಬೆಲ್ ತನಕ ಹೋಗುವ ಅವಕಾಶವಿದೆ. ಸಿನಿಮಾದಲ್ಲಿ ಅಂಥ ಕ್ಷಣ ಬಂದು ಹೋಗುತ್ತದೆ. ಕಾನ್ಸರ್ಟ್‌ನಲ್ಲಿ ಜೋರು ನಿಲ್ಲೋದೇ ಇಲ್ಲ. ಜೊತೆಗೆ ಹಾಲ್ ತುಂಬಾ ಹುಡುಗಿಯರ ಕಿರುಚಾಟ.

ಲೈಟ್‌ಸ್ಟಿಕ್, ಅಂದರೆ ಅಭಿಮಾನಿಗಳು ಶೋದಲ್ಲಿ ಬೀಸುವ ಬ್ಯಾಟರಿ ದೀಪದ ಕೋಲು, ಇರುವವರು ಒಯ್ಯಬಹುದೇ ಅಂತ ಥಿಯೇಟರ್‌ಗೆ ಫೋನ್ ಮಾಡಿ ಕೇಳಿ. ಕೆ-ಪಾಪ್ ಶೋಗಳಲ್ಲಿ ಸಾಮಾನ್ಯವಾಗಿ ಬಿಡುತ್ತಾರೆ. ಹೊಸ ಸೆಲ್ ಹಾಕಿ. ಕೊರಿಯಾದ ಬಿಟಿಎಸ್ ಗುಂಪಿನ ಅಭಿಮಾನಿಗಳಿಗೆ ಒಂದು ವಿಶೇಷ ಸೂಚನೆ: ತಪಾಸಣೆಯ ಹತ್ತಿರ "ಇದೇನು?" ಅಂದರೆ ಅದರ ಪೂರ್ತಿ ಹೆಸರು ಹೇಳಬೇಡಿ. "ಆರ್ಮಿ ಬಾಮ್" ಅನ್ನುವ ಪದ ಮಾಲ್ ಸೆಕ್ಯುರಿಟಿಯವರ ಮುಂದೆ ಆಡುವಂಥದ್ದಲ್ಲ. ಬ್ಯಾಟರಿ ಲೈಟು ಅನ್ನಿ, ಹಚ್ಚಿ ತೋರಿಸಿ, ಮುಗೀತು.

8. ಅರ್ಧ ಗಂಟೆ ಮುಂಚೆ ತಲುಪಿ

ಒಬ್ಬರೇ ಬಂದವರಿಗೆ ಹೆಚ್ಚು ಮುಜುಗರ ಆಗುವುದು ಹಾಲ್ ಒಳಗಲ್ಲ, ಹೊರಗಿನ ಲಾಬಿಯಲ್ಲಿ. ಎಲ್ಲರೂ ಗುಂಪು ಗುಂಪಾಗಿ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಬ್ಯಾಂಡ್‌ನ ಟೀಶರ್ಟ್ ಹಾಕಿಕೊಂಡು ಹೋಗಿ, ಕೆಲಸ ಸುಲಭ. ಯಾರೋ ಬಂದು "ಒಂದು ಫೋಟೋ ತೆಗೀತೀರಾ?" ಅಂತಾರೆ, ಮಾತು ಶುರುವಾಗುತ್ತದೆ.

ಕೆ-ಪಾಪ್ ಶೋಗಳಲ್ಲಿ ಫ್ರೀಬಿ ಅನ್ನುವ ರೂಢಿ ಇದೆ. ಅಭಿಮಾನಿಗಳೇ ಮನೆಯಲ್ಲಿ ಮಾಡಿ ತಂದು ಹಂಚುವ ಪುಟ್ಟ ಉಡುಗೊರೆ. ಬೆರಳುದ್ದದ ಕವರಿನಲ್ಲಿ ಒಂದು ಸ್ಟಿಕ್ಕರ್, ಹಾಡುಗಾರನ ಫೋಟೋ ಇರುವ ಒಂದು ಕಾರ್ಡು, ಒಂದು ಚಾಕೊಲೇಟ್, ಕೆಲವರದರಲ್ಲಿ ಕೈಬರಹದ ಚೀಟಿ. ದುಡ್ಡು ಕೊಡಲು ಹೋಗಬೇಡಿ, ತೆಗೆದುಕೊಂಡು ಥ್ಯಾಂಕ್ಸ್ ಹೇಳಿ. ಮಲಾಡ್‌ನಲ್ಲಿ ಒಮ್ಮೆ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ, ಮಗಳನ್ನು ಕರೆತಂದಿದ್ದ ಅಮ್ಮ ಒಬ್ಬರು ಹತ್ತಿರ ಬಂದರು. ಎರಡೂ ಕಿವಿಗೆ ಆಗಲೇ ಹತ್ತಿ ಇಟ್ಟುಕೊಂಡಿದ್ದರು. ಪೋಸ್ಟರ್ ಕಡೆ ಕೈ ತೋರಿಸಿ, "ಇವರಲ್ಲಿ ನಿನ್ನೋನು ಯಾರಮ್ಮ?" ಅಂದರು. ಅಭಿಮಾನಿಗಳ ಭಾಷೆಯಲ್ಲಿ ಇದಕ್ಕೆ "ಬಯಾಸ್" ಅನ್ನುತ್ತಾರೆ, ಗುಂಪಿನಲ್ಲಿ ನಿಮಗೆ ಎಲ್ಲರಿಗಿಂತ ಇಷ್ಟವಾದವನು. ಈ ಪ್ರಶ್ನೆ ನಿಮಗೂ ಬರುತ್ತದೆ, ಉತ್ತರ ರೆಡಿ ಇಟ್ಟುಕೊಳ್ಳಿ.

ಒಳಗೆ ಹೋಗುವ ಮುಂಚೆ ಬಾತ್‌ರೂಮ್ ಮುಗಿಸಿ. ಇಂಟರ್ವಲ್ ಇದೆಯಾ ಅಂತ ಬಾಗಿಲಲ್ಲೇ ಕೇಳಿ. ಕೆಲವು ಶೋಗಳಿಗೆ ಇರುವುದಿಲ್ಲ. ಇದ್ದರೆ ಅದು ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ಈ ಸಿನಿಮಾಗಳನ್ನು ಇಂಟರ್ವಲ್ ಲೆಕ್ಕ ಇಟ್ಟು ಮಾಡಿರುವುದಿಲ್ಲವಲ್ಲ. ಉಪನಗರದ ಒಂದು ಹಾಲ್‌ನಲ್ಲಿ ಗಿಟಾರ್ ಸೋಲೊ ಏರುತ್ತಿರುವಾಗಲೇ ಪಟ್ಟಂತ ಲೈಟ್ ಹತ್ತಿ, ಸಮೋಸಾ ಜಾಹೀರಾತು ಬಂತು. ಮುಂದಿನ ಸಾಲಿನ ಅಜ್ಜ ಒಬ್ಬರು ಎದ್ದು ನಿಂತು ಕೊಂಕಣಿಯಲ್ಲಿ ಬೈದರು. ಅರ್ಥ ಆಗದಿದ್ದವರೂ ಚಪ್ಪಾಳೆ ಹೊಡೆದರು.

9. ಹಾಲ್ ಒಳಗೆ

ಮಹಾರಾಷ್ಟ್ರದಲ್ಲಿ ಸಿನಿಮಾಗೆ ಮುಂಚೆ ರಾಷ್ಟ್ರಗೀತೆ ಬರುತ್ತದೆ. ಮಡಿಲ ಮೇಲೆ ಕಾಫಿ, ಲೈಟ್‌ಸ್ಟಿಕ್, ಬ್ಯಾಗ್ ಎಲ್ಲಾ ಹರಡಿಕೊಂಡು ಕೂತಿದ್ದರೆ ಏಳುವಾಗ ಪಜೀತಿ.

ಹಾಡಬಹುದಾ, ಕುಣಿಯಬಹುದಾ? ಬ್ಯಾಂಡ್ ಮೇಲೆ ಹೋಗುತ್ತದೆ. ಕೆ-ಪಾಪ್ ಶೋದಲ್ಲಿ ಸುಮ್ಮನೆ ಕೂತವರೇ ವಿಚಿತ್ರವಾಗಿ ಕಾಣುತ್ತಾರೆ. ಅಲ್ಲಿ ಫ್ಯಾನ್ ಚಾಂಟ್ ಇರುತ್ತದೆ, ಅಂದರೆ ಹಾಡಿನ ನಿಗದಿತ ಜಾಗದಲ್ಲಿ ಸದಸ್ಯರ ಹೆಸರುಗಳನ್ನು ಎಲ್ಲರೂ ಒಟ್ಟಿಗೆ ಕೂಗುವುದು. ಬಾರದಿದ್ದರೆ ತೊಂದರೆ ಇಲ್ಲ, ಎರಡನೇ ಹಾಡಿಗೆ ತಾನಾಗಿಯೇ ಬರುತ್ತದೆ. ಹಳೆಯ ರಾಕ್ ಬ್ಯಾಂಡ್‌ನ ಶೋದಲ್ಲಿ ಜನ ಕಣ್ಣು ಮುಚ್ಚಿ ತಲೆಯಾಡಿಸುತ್ತಾರೆ. ಅಲ್ಲಿ ಸಾಹಿತ್ಯ ಪೂರ್ತಿ ಜೋರಾಗಿ ಹಾಡಿದರೆ ಹಿಂದಿನಿಂದ "ಶ್" ಬರುತ್ತದೆ. ಮೊದಲ ಎರಡು ಹಾಡು ಹಾಲ್‌ನ ನಾಡಿ ನೋಡಿ, ಆಮೇಲೆ ಶುರುಮಾಡಿ. ಸೀಟಿನ ಮೇಲೆ ಹತ್ತಬೇಡಿ. ಮಡಿಸುವ ಸೀಟು, ಕಾಲು ಸಿಕ್ಕಿಕೊಳ್ಳುತ್ತದೆ.

ಫೋನ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹೊರದೇಶದ ಅಭಿಮಾನಿಗಳು ಹಾಲ್‌ನಲ್ಲಿ ತೆಗೆದ ವಿಡಿಯೋ ನೋಡಿ ನೀವೂ ತೆಗೆಯಲು ಹೋಗಬೇಡಿ. ನಮ್ಮಲ್ಲಿ 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ, ಹಾಲ್‌ನಲ್ಲಿ ಓಡುತ್ತಿರುವ ಸಿನಿಮಾವನ್ನು ಅನುಮತಿ ಇಲ್ಲದೆ ರೆಕಾರ್ಡ್ ಮಾಡುವುದು ಅಪರಾಧ. ಶಿಕ್ಷೆ 3 ತಿಂಗಳಿಂದ 3 ವರ್ಷದ ತನಕ ಜೈಲು, ದಂಡ ಕನಿಷ್ಠ 3 ಲಕ್ಷ. ಹದಿನೈದು ಸೆಕೆಂಡಿನ ರೀಲ್‌ಗೆ ಇಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬೇಕಾ? ನೆನಪಿಗೆ ಬೇಕಾದರೆ ಲಾಬಿಯ ಪೋಸ್ಟರ್ ಮುಂದೆ, ಅಥವಾ ಲೈಟ್ ಹತ್ತಿದ ಮೇಲೆ ಖಾಲಿ ತೆರೆಯ ಮುಂದೆ ಫೋಟೋ ತೆಗೆಸಿಕೊಳ್ಳಿ.

ಧ್ವನಿ ಸಣ್ಣದಾಗಿದೆ ಅನ್ನಿಸಿದರೆ ಸುಮ್ಮನಿರಬೇಡಿ. ಪ್ರೊಜೆಕ್ಷನ್ ಕೋಣೆಯಲ್ಲಿ ಫೇಡರ್ ಅಂತ ಒಂದು ನಿಯಂತ್ರಣ ಇರುತ್ತದೆ. ಸಿನಿಮಾದ ಧ್ವನಿಯನ್ನು ಅದರ 7ನೇ ಅಂಕಕ್ಕೆ ಹೊಂದಿಸಿ ಮಾಡಿರುತ್ತಾರೆ. ಜಾಹೀರಾತು ಕಿವಿಗೆ ಬಡಿಯುತ್ತದೆ, ಜನ ದೂರುತ್ತಾರೆ ಅಂತ ಹಲವು ಹಾಲ್‌ಗಳಲ್ಲಿ ಅದನ್ನು ಇಳಿಸಿಟ್ಟಿರುತ್ತಾರೆ. ಆಮೇಲೆ ಏರಿಸುವುದು ಯಾರಿಗೂ ನೆನಪಿರುವುದಿಲ್ಲ. ನಿರ್ದೇಶಕ ಸ್ಕೋರ್ಸೆಸಿಯ 1978ರ ಕಾನ್ಸರ್ಟ್ ಸಿನಿಮಾ "ದಿ ಲಾಸ್ಟ್ ವಾಲ್ಟ್ಸ್" ಶುರುವಾಗುವಾಗಲೇ ತೆರೆಯ ಮೇಲೆ ಇದನ್ನು ಜೋರಾಗಿ ಹಾಕಬೇಕು ಅನ್ನುವ ಸೂಚನೆ ಬರುತ್ತದೆ. ಪ್ರತಿ ಸಿನಿಮಾ ಹಾಗೆ ಹೇಳುವುದಿಲ್ಲ, ನೀವು ಹೇಳಬೇಕು. ಹೊರಗೆ ಹೋಗಿ ಡ್ಯೂಟಿ ಮ್ಯಾನೇಜರ್‌ಗೆ "ಆವಾಜ್ ಜರಾ ವಾಢವಾ ನಾ" ಅಂದರೆ ಸಾಕು. ಎರಡು ಹಾಡಿನೊಳಗೆ ವ್ಯತ್ಯಾಸ ಗೊತ್ತಾಗುತ್ತದೆ. ಸರಿಯಾದ ಮಟ್ಟಕ್ಕೆ ಬಂದಾಗ ಸೀಟಿನ ಕೈಯಲ್ಲಿರುವ ಲೋಟದ ಗೂಡಿನಲ್ಲಿ ಖಾಲಿ ಬಾಟಲಿ ಬೇಸ್‌ಗೆ ನಡುಗುತ್ತದೆ.

ಹೆಸರುಗಳ ಪಟ್ಟಿ ಓಡತೊಡಗಿದ ಕೂಡಲೇ ಏಳಬೇಡಿ. ಮುಗಿದ ಮೇಲೆ ಇನ್ನೊಂದು ಹಾಡು, ತೆರೆಮರೆಯ ದೃಶ್ಯ ಇಟ್ಟಿರುವುದುಂಟು. ಕಸ ಗುಡಿಸುವವರು ಒಳಗೆ ಬಂದು ನಿಮ್ಮನ್ನೇ ನೋಡುತ್ತಿದ್ದರೂ ಪರವಾಗಿಲ್ಲ.

10. ವಾಪಸ್

ರಾತ್ರಿ ಶೋ ಆದರೆ ಮಾಲ್‌ನ ಮುಖ್ಯ ಬಾಗಿಲು ಮುಚ್ಚಿರುತ್ತದೆ. ಹಿಂದಿನ ಮೆಟ್ಟಿಲು ಅಥವಾ ಪಾರ್ಕಿಂಗ್ ಮೂಲಕ ಹೊರಗೆ ಬಿಡುತ್ತಾರೆ. ಬಂದ ದಾರಿ ಬೇರೆ, ಹೋಗುವ ದಾರಿ ಬೇರೆ. ಒಳಗೆ ಹೋಗುವಾಗಲೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ. ಮೆಟ್ಟಿಲಲ್ಲಿ ಗುಂಪಿನ ಜೊತೆಗೇ ಇಳಿಯಿರಿ. ಕ್ಯಾಬ್ ಬೇಕಾದರೆ ಪಾರ್ಕಿಂಗ್‌ನಲ್ಲಿ ನಿಂತು ಬುಕ್ ಮಾಡಬೇಡಿ, ಅಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ. ಬೆಳಕಿರುವ ರಸ್ತೆಗೆ ಬಂದು ಮಾಡಿ.

ಲೋವರ್ ಪರೇಲ್, ಚರ್ಚ್‌ಗೇಟ್ ಕಡೆ ರಿಕ್ಷಾ ಹುಡುಕಬೇಡಿ. ಮಾಹಿಮ್, ಸಾಯನ್ ಈಚೆ ರಿಕ್ಷಾ ಓಡುವುದಿಲ್ಲ, ಕಪ್ಪು ಹಳದಿ ಟ್ಯಾಕ್ಸಿಯೇ. 2025ರ ಫೆಬ್ರವರಿಯಿಂದ ಟ್ಯಾಕ್ಸಿಯ ಕನಿಷ್ಠ ದರ 31 ರೂಪಾಯಿ, ರಿಕ್ಷಾದ್ದು 26. ನಡುರಾತ್ರಿ 12ರಿಂದ ಬೆಳಗ್ಗೆ 5ರ ತನಕ ಶೇಕಡಾ 25 ಹೆಚ್ಚು, ಅದಕ್ಕಿಂತ ಜಾಸ್ತಿ ಕೇಳಿದರೆ ಬೇರೆ ಗಾಡಿ ನೋಡಿ.

ಟ್ರೇನಿಗೆ ರಿಟರ್ನ್ ಟಿಕೆಟ್ ಹೋಗುವಾಗಲೇ ತೆಗೆದಿಡಿ. ತಡರಾತ್ರಿಯಲ್ಲಿ ಹೆಂಗಸರು ಖಾಲಿ ಡಬ್ಬಿ ಹತ್ತಬೇಡಿ, ಪೊಲೀಸ್ ಇರುವ ಲೇಡೀಸ್ ಡಬ್ಬಿ ನೋಡಿ ಹತ್ತಿ. ರೈಲ್ವೆ ಸಹಾಯಕ್ಕೆ 139, ಯಾವುದೇ ತುರ್ತಿಗೆ 112. ಎರಡನ್ನೂ ಫೋನಿನಲ್ಲಿ ಹೆಸರು ಹಾಕಿ ಇಟ್ಟುಕೊಳ್ಳಿ. ಲಾಬಿಯಲ್ಲಿ ಪರಿಚಯವಾದವರಲ್ಲಿ ನಿಮ್ಮ ಲೈನ್‌ನವರೇ ಸಿಕ್ಕರೆ ಒಟ್ಟಿಗೆ ಹೋಗಿ. ಮನೆ ವಿಳಾಸ ಕೊಡುವ ಅಗತ್ಯವಿಲ್ಲ, ಸ್ಟೇಷನ್ ತನಕ ಜೊತೆ ಸಾಕು.

ಇನ್ನೊಂದು ಸಲ ನೋಡಬೇಕು ಅನ್ನಿಸಿದರೆ ಆ್ಯಪ್ ತೆರೆಯುವುದು ಅದೇ ರಾತ್ರಿ ಆಗಲಿ. ಮೊದಲ ದಿನ ಹಾಲ್ ತುಂಬಿದರೆ ಹೆಚ್ಚುವರಿ ಶೋ ಸೇರಿಸುವುದುಂಟು. ಅವು ಬೆಳಗ್ಗೆ ಹತ್ತರ ಹೊತ್ತಿಗೆ, ದೂರದ ಹಾಲ್‌ಗಳಲ್ಲಿ ಸಿಗುತ್ತವೆ, ಟಿಕೆಟ್ ದರವೂ ಸಾಮಾನ್ಯವಾಗಿ ಕಡಿಮೆ.